ಹಲಗೆಯ ಮೇಲೆ ಒಂದೇ ಜೋಡಿ ಪಾದ

ಅಂಟಿಸುವುದಂತೆ! ಅದೇನು ಮಹಾ ವಿದ್ಯೆ? ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿನ ಅರ್ಧ ಮೂಗುಗಳ ಮೇಲೆ ಗಾಜು ಕೂರಿಸಿದ ಧೀರ ನಾನು. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಇರುವ ದೂರವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಈ ಕೈಗೆ, ಹಲಗೆಯ ಮೇಲೊಂದು ರಬ್ಬರಿನಂಥ ಹಾಳೆ ಅಂಟಿಸುವುದು ಯಾವ ಲೆಕ್ಕ!

ಹಲಗೆ ಅಂದರೆ ಪ್ಯಾಡಲ್‌ಬೋರ್ಡ್. ಅದನ್ನು ನೀರಿನ ಮೇಲೆ ತೇಲಿಬಿಟ್ಟು, ಅದರ ಮೇಲೆ ನಿಂತುಕೊಂಡು ಹುಟ್ಟು ಹಾಕಬೇಕು. ಹೆಂಡತಿ ಹೆಡ್ ನರ್ಸು. ದೂರದ ಊರಿಗೆ ವರ್ಗವಾಗಿದೆ. ಅವಳು ಬಂದಾಗಲಾದರೂ ಇಬ್ಬರೂ ಹೊರಗೆಲ್ಲಾದರೂ ಹೋಗೋಣ ಅಂತ ಹಳೆಯದೊಂದನ್ನು ಕೊಂಡಿದ್ದೆ. ಮೊದಲ ಸಲವೇ ಕೆರೆಯಲ್ಲಿ ಜಾರಿ ದೊಪ್ಪನೆ ಬಿದ್ದಳು. ಎದ್ದು ಕೂದಲು ಹಿಂಡುತ್ತಾ, "ಕಾಲು ನಿಲ್ಲೋ ಹಾಗೆ ಏನಾದ್ರೂ ಮಾಡೋ ತನಕ ನಾನಿದನ್ನ ಹತ್ತಲ್ಲ!" ಅಂದಳು. ಅಂದವಳು ಬಸ್ಸು ಹತ್ತಿ ಹೋದಳು. ಆಮೇಲೆ ಡ್ಯೂಟಿ, ರಜೆ ಇಲ್ಲ, ಜೊತೆಯವಳಿಗೆ ಹುಷಾರಿಲ್ಲ... ಬರಲೇ ಇಲ್ಲ. ಬರದೆ ಇದ್ದೇ ಅಭ್ಯಾಸವಾಗಿಬಿಟ್ಟರೆ ಏನು ಗತಿ ಅಂತ ನನಗೆ ಒಳಗೊಳಗೇ ದಿಗಿಲು.

ಕೊನೆಗೊಂದು ದಿನ ಫೋನಿನಲ್ಲಿ ಘೋಷಣೆಯಾಯಿತು. "ಭಾನುವಾರ ಬರ್ತೀನಿ. ಹಲಗೆ ಸರಿಯಾಗಿದ್ರೆ ಕೆರೆಗೆ. ಇಲ್ಲಾಂದ್ರೆ ದಿನಪೂರ್ತಿ ಮಲಗಿ, ಸಂಜೆ ಬಸ್ಸಿಗೆ ವಾಪಸ್ಸು."

ಓಡಿದೆ ಅಂಗಡಿಗೆ. ಕಾಲು ಜಾರದಂತೆ ಹಲಗೆಗೆ ಅಂಟಿಸುವ ಡೆಕ್ ಗ್ರಿಪ್ ಕೇಳಿದೆ. ಒಂದು ಕಡೆ ತರಿತರಿ, ಇನ್ನೊಂದು ಕಡೆ ಭಯಂಕರ ಗೋಂದು. ಅದರ ಮೇಲೊಂದು ಕಾಗದ.

"ಸಾರ್, ಇದಕ್ಕೆ ಇಬ್ಬರು ಬೇಕು," ಅಂದ ಅಂಗಡಿಯವನು. "ಒಬ್ರು ಹಿಡ್ಕೋಬೇಕು, ಒಬ್ರು ಅಂಟಿಸ್ಬೇಕು. ಮನೇಲಿ ಇದಾರಲ್ವಾ ಯಾರಾದ್ರೂ?"

"ಇದಾರೆ, ಇದಾರೆ!"

ಮನೆಯಲ್ಲಿ ಇದ್ದದ್ದು ನಾನು ಮತ್ತು ಫ್ರಿಜ್ಜು. ಅದಾದರೂ ಆಗಾಗ ಗುರ್ ಅಂತ ಮಾತಾಡುತ್ತದೆ, ಪುಣ್ಯ.

ಶನಿವಾರ ಬೆಳಿಗ್ಗೆ ಮಂಚದ ಮೇಲಿದ್ದ ಅವಳ ಕಡೆಯ ಹಾಸಿಗೆಯನ್ನು ಎಳೆದು ತಂದು ಹಾಲಿನಲ್ಲಿ ಹಾಸಿದೆ. ಅದನ್ನು ಯಾರೂ ಬಳಸುತ್ತಿರಲಿಲ್ಲವಲ್ಲ! ಅದರ ಮೇಲೆ ಹಲಗೆ ಮಲಗಿತು. ಮೂತಿ ಬಾಗಿಲಿಗೆ, ಬಾಲ ಅಡುಗೆಮನೆಗೆ. ಒರೆಸಿದೆ, ಒಣಗಿಸಿದೆ. ನಟ್ಟನಡುವೆ ನಿಂತು, ಬಗ್ಗಿ, ನನ್ನೆರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಸೊಂಟ ಕಳಕ್ ಅಂದಿತು. ಅಳತೆಗೆ ಸರಿಯಾಗಿ ಹಾಳೆ ಕತ್ತರಿಸಿದರೆ ಅರ್ಧಕ್ಕರ್ಧ ಮಿಕ್ಕಿತು! ಇಷ್ಟೊಂದು ಯಾಕೆ ಕೊಟ್ಟನೋ ಪೆದ್ದ ಅಂತ ನಕ್ಕು, ಮಿಕ್ಕಿದ್ದನ್ನು ಸುರುಳಿ ಸುತ್ತಿ ಸೋಫಾದ ಹಿಂದೆ ತುರುಕಿದೆ.

ಇನ್ನು ಎರಡನೆಯವರು? ಹೆಂಡತಿಗೆ ವಿಡಿಯೋ ಕರೆ ಮಾಡಿ, ಅಂಗಡಿಯವನು ಇಬ್ಬರು ಬೇಕು ಅಂದದ್ದನ್ನು ಹೇಳಿ, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ.

"ನಿಮ್ಮ ಹೊಟ್ಟೆ ಬಿಟ್ರೆ ನನಗೇನೂ ಕಾಣ್ತಿಲ್ಲ ರೀ!"

"ಹೊಟ್ಟೆ ನೋಡ್ಕೊಂಡೇ ಧೈರ್ಯ ಹೇಳು. ಕಾಗದ ಕಿತ್ತೆ!"

"ಒಂದೇ ಸಲಕ್ಕೆ ಕೀಳ್ಬೇಡಿ, ಸ್ವಲ್ಪಸ್ವಲ್ಪವೇ..."

ಅಷ್ಟರಲ್ಲಿ ಪೂರ್ತಿ ಕಿತ್ತಾಗಿತ್ತು. ಹಾಳೆ ಹೆಡೆ ಎತ್ತಿತು. ಎತ್ತಿ, ನನ್ನ ಬಲಗೈಯನ್ನು ಮೊಣಕೈವರೆಗೆ ಅಪ್ಪಿಕೊಂಡಿತು. ಇತ್ತೀಚೆಗೆ ನನ್ನನ್ನು ಯಾರೂ ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡಿರಲಿಲ್ಲ!

"ಅಯ್ಯಯ್ಯೋ! ಕೈಯ ಕೂದಲು ಕಣೇ!"

"ಪ್ಲಾಸ್ಟರ್ ಕಿತ್ತ ಹಾಗೆ ಒಂದೇ ಏಟಿಗೆ ಎಳೀರಿ. ನಮ್ಮ ವಾರ್ಡಿನ ಮಕ್ಕಳೂ ಹೀಗೆ ಕಿರುಚಲ್ಲ!"

ಎಳೆದೆ. ಕೈ ಬೋಳಾಗಿ ಹೊರಬಂತು. ಎಳೆದ ರಭಸಕ್ಕೆ ಹಾಳೆಯ ಇನ್ನೊಂದು ತುದಿ ಸ್ಟೂಲಿಗೆ ಬಡಿದು, ಫೋನನ್ನು ಮುಖಾಮುಖಿ ಕಚ್ಚಿಕೊಂಡಿತು. ಗೋಂದಿನ ಒಳಗಿಂದ ಹೆಂಡತಿಯ ದನಿ ಬಂತು.

"ಇದೇನ್ರೀ ಕತ್ತಲೆ? ಕರೆಂಟ್ ಹೋಯ್ತಾ?"

ಬಿಡಿಸಲು ಕೈ ಹಾಕಿದೆ. ಅವಳು ಮಾತು ಮುಂದುವರಿಸಿದಳು, ಮೆಲ್ಲಗೆ. "ಇಲ್ಲೂ ಡ್ಯೂಟಿ ಮುಗಿಸಿ ಬಂದ್ರೆ ಹೀಗೇ ಕತ್ತಲೆ ರೀ. ದೀಪ ಹಾಕೋಳೂ ನಾನೇ, ಆರಿಸೋಳೂ ನಾನೇ. ಏನಾದ್ರೂ ಹೇಳೋಣ ಅಂತ ಬಾಯಿ ತೆರೀತೀನಿ, ಆಮೇಲೆ ನೆನಪಾಗುತ್ತೆ, ಯಾರೂ ಇಲ್ಲ ಅಂತ."

ಎದುರಿಗೆ ಕೂತಾಗ ಇಂಥ ಮಾತು ಅವಳು ಒಂದು ದಿನವೂ ಆಡಿದವಳಲ್ಲ. ಇಲ್ಲೂ ಹಾಗೇ ಕಣೇ, ಫ್ರಿಜ್ಜಿನ ಜೊತೆ ಮಾತಾಡ್ತೀನಿ ಅಂತ ಹೇಳಬೇಕು ಅನ್ನಿಸಿತು. ಬಾಯಿಂದ ಬಂದದ್ದು ಮಾತ್ರ, "ಕರೆಂಟ್ ಇದೆ. ನೀನು ಅಂಟ್ಕೊಂಡಿದೀಯ!"

"ಏನಂದ್ರಿ?"

ಫೋನು ಬಿಡಿಸಿ, ಹಾಳೆಯನ್ನು ಹಲಗೆಗೆ ಒತ್ತಿ, ಗುಳ್ಳೆಗಳನ್ನೆಲ್ಲ ಲಟ್ಟಣಿಗೆಯಿಂದ ಲಟ್ಟಿಸಿ ಓಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಒಂದು ದಿನ ಒಣಗಬೇಕಿತ್ತು, ಒಣಗಿತು. ಅಬ್ಬಾ, ಎಂಥ ಕೆಲಸ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಟ್ಟಲು ಬೇರೆ ಯಾರಿದ್ದರು?

ಭಾನುವಾರ ಬಂದಳು. ಚೀಲ ಕೆಳಗಿಟ್ಟು ಹಲಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ನಾನು ಶಭಾಷ್‌ಗಿರಿಗೆ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದೆ.

"ಚೆನ್ನಾಗಿದೆ. ನೀವು ಇಲ್ಲಿ ನಿಲ್ತೀರಿ."

"ಹೂಂ!"

"ನಾನು?"

ನೋಡಿದೆ. ನಡುವೆ ನನ್ನ ಎರಡು ಪಾದಗಳಿಗೆ ಹೇಳಿ ಮಾಡಿಸಿದಂಥ ಜಾಗ. ಅದರ ಮುಂದೆ, ಅವಳು ನಿಲ್ಲಬೇಕಾದ ಕಡೆ, ಹಲಗೆ ಗಾಜಿನಷ್ಟು ನುಣುಪಾಗಿ ಹೊಳೆಯುತ್ತಿತ್ತು! ಯಾರನ್ನು ನಿಲ್ಲಿಸಬೇಕು ಅಂತ ಇಷ್ಟೆಲ್ಲ ಮಾಡಿದೆನೋ, ಅವಳನ್ನೇ ಅಳತೆಗೆ ಹಿಡಿಯಲು ಮರೆತಿದ್ದೆ. ಒಂದೇ ತಟ್ಟೆ, ಒಂದೇ ಲೋಟ ತೊಳೆದು ತೊಳೆದು ನನ್ನ ಲೆಕ್ಕವೇ ಒಂದಕ್ಕೆ ನಿಂತುಬಿಟ್ಟಿತ್ತು.

"ಮಿಕ್ಕಿದ ಹಾಳೆ ಇದೆ ಕಣೇ..." ಸೋಫಾದ ಹಿಂದಿನಿಂದ ಸುರುಳಿ ತೆಗೆದೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ಚಪ್ಪಲಿ ಬಿಟ್ಟು ಹಲಗೆ ಹತ್ತಿದಳು. ನುಣುಪಿನ ಮೇಲೆ ನಿಂತು ನನ್ನ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು. "ನನ್ನನ್ನೇ ಮರೆತ್ರಾ? ತಗೊಳ್ಳಿ ಪೆನ್ಸಿಲ್. ಈಗಲೇ ಗೆರೆ ಎಳೀರಿ!"

ಮಂಡಿಯೂರಿದೆ. ನಿಂತೇ ಕೆಲಸ ಮಾಡಿ ಬಿರಿದ ಹಿಮ್ಮಡಿ. ಒಂದು ಕೈಯಲ್ಲಿ ಪಾದ ಹಿಡಿದು ಇನ್ನೊಂದರಲ್ಲಿ ಗೆರೆ ಎಳೆದೆ.

"ಕಚಗುಳಿ ಇಡ್ಬೇಡ್ರೀ!"

ಅಂಟಿಸಿದರೆ ಒಣಗಲು ಅವತ್ತು ಹೊತ್ತಿರಲಿಲ್ಲ. ಕೆರೆಯಲ್ಲಿ ಅವಳು ನನ್ನ ಪಾದದ ಜಾಗದಲ್ಲಿ ಮಹಾರಾಣಿಯಂತೆ ನಿಂತಳು. ನಾನು ಕುತ್ತಿಗೆಮಟ್ಟದ ನೀರಿನಲ್ಲಿ ಹಲಗೆಯ ಬಾಲ ಹಿಡಿದು ತಳ್ಳಿದೆ. "ಎಷ್ಟು ಚೆನ್ನಾಗಿ ಕಾಲು ಹಿಡಿಯುತ್ತೆ ರೀ!" ಅಂದಳು. ನನಗೆ ಉತ್ತರ ಹೇಳಲಾಗಲಿಲ್ಲ, ಬಾಯಿತುಂಬ ಕೆರೆ.

ಸಂಜೆ ಬಸ್ಸು ಹತ್ತಿದಳು. ಮನೆ ಮತ್ತೆ ಫ್ರಿಜ್ಜಿನ ಪಾಲಾಯಿತು.

ಮರುದಿನ ಅಂಗಡಿ ಮುಚ್ಚಿ ಬಂದವನೇ ಮಿಕ್ಕ ಹಾಳೆ ಬಿಡಿಸಿ, ಕತ್ತರಿ ಹಿಡಿದು ಹಲಗೆ ನೋಡಿದೆ. ಅಯ್ಯೋ ದೇವರೇ! ನಾನು ನಿಲ್ಲುವುದು ಹಲಗೆಯ ಮೂತಿ ಕಡೆಗೆ ಮುಖ ಮಾಡಿ, ಗೆರೆಯಲ್ಲಿ ಅವಳ ಬೆರಳುಗಳು ಬಾಲದ ಕಡೆ. ನನ್ನ ಕಡೆ ತಿರುಗಿ ನಿಂತಿದ್ದಳಲ್ಲ, ಕಣ್ಣಿನ ಪರಿಣತನು ಹಾಗೇ ಗೆರೆ ಎಳೆದಿದ್ದ!

ಫೋನು ಮಾಡಿ ತಪ್ಪೊಪ್ಪಿಕೊಂಡೆ. "ನಿನ್ನ ಪಾದ ಹಿಂದುಮುಂದಾಗಿದೆ ಕಣೇ. ಅಳಿಸಿಬಿಡ್ಲಾ?"

ಆ ಕಡೆ ದೀಪದ ಸ್ವಿಚ್ ಟಕ್ ಅಂದದ್ದು ಕೇಳಿಸಿತು. ಈಗಷ್ಟೇ ಮನೆಗೆ ಬಂದಿರಬೇಕು.

"ಬೇಡ, ಹಾಗೇ ಇರ್ಲಿ," ಅಂದಳು. "ಮುಂದೆ ನೋಡೋಕೆ ನೀವಿದೀರಲ್ಲ. ನಾನು ನಿಮ್ಮನ್ನೇ ನೋಡ್ಕೊಂಡು ನಿಲ್ತೀನಿ. ಎಷ್ಟು ದಿನ ಆಯ್ತು ನೋಡಿ."

ನನ್ನ ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಒರೆಸಿಕೊಂಡೆ. "ನಿಜವಾಗ್ಲೂನಾ?"

"ಮತ್ತೆ? ನೀವು ಬೀಳೋದನ್ನ ಮೊದಲಿಂದ ಕೊನೇ ತನಕ ನೋಡ್ಬೇಕಲ್ರೀ! ಅಂಟಿಸೋದು ಮಾತ್ರ ನಾನು ಬಂದ ಮೇಲೆ. ಹಿಡ್ಕೊಳ್ಳೋಕೆ ಒಬ್ರು ಬೇಕು ಅಂದಿದ್ದ ಅಲ್ವಾ ಅಂಗಡಿಯವನು?"