ಕೋಟೇಶ್ವರ ಟು ಅಂತರಿಕ್ಷ: ಸೀಟು ಖಾಲಿ ಇದೆ

ಹದಿನೆಂಟು ವರ್ಷ ಕೋಟೇಶ್ವರದಿಂದ ಟೆಂಪೋ ಟ್ರಾವೆಲರಿನಲ್ಲಿ ಜನರನ್ನು ಪುಣ್ಯಕ್ಷೇತ್ರಗಳಿಗೆ ಕಳಿಸಿ, ಒಬ್ಬರನ್ನೂ ಬಿಡದೆ ವಾಪಸು ತಂದವನು ನಾನು. ಅಂಥವನಿಗೆ ಬಾಹ್ಯಾಕಾಶ ಯಾವ ಲೆಕ್ಕ! ಅಂತರಿಕ್ಷ ಪ್ರವಾಸದ ಮುಂಬಯಿ ಕಂಪನಿಯೊಂದು ಊರೂರಿಗೆ ಪ್ರತಿನಿಧಿಗಳು ಬೇಕೆಂದಾಗ ಹಿಂದೆಮುಂದೆ ನೋಡದೆ ಅರ್ಜಿ ಹಾಕಿದೆ. ಮೂವರು ಪ್ರಯಾಣಿಕರನ್ನು ಒಪ್ಪಿಸಿದರೆ ಪ್ರತಿನಿಧಿಗೆ ಒಂದು ಸೀಟು ಪುಕ್ಕಟೆ. ಮೇಲೆ ಹೋಗುವುದು, ಹತ್ತು ನಿಮಿಷ ತೇಲುವುದು, ಇಳಿಯುವುದು. ಅಷ್ಟೇ.

ಸುಳ್ಳೇಕೆ ಹೇಳಲಿ, ಆ ಸೀಟಿನ ಮೇಲೆ ನನಗೆ ಪ್ರಾಣವೇ ಇತ್ತು. ಐವತ್ತೆರಡು ವರ್ಷ ಈ ಊರನ್ನು ಬರೀ ಬಸ್ಸು, ಟೆಂಪೋ ಕಿಟಕಿಯಿಂದ ನೋಡಿದ್ದೇನೆ. ಶಿರೂರಿನಿಂದ ಬ್ರಹ್ಮಾವರದವರೆಗೆ ಕಡಲು, ಹೊಳೆ, ಗದ್ದೆ ಎಲ್ಲವನ್ನೂ ಒಮ್ಮೆ ಮೇಲಿಂದ ಕಣ್ತುಂಬ ನೋಡಬೇಕೆಂದು ಭಾರೀ ಆಸೆ.

ಹೆಂಡತಿ ಜಲಜ ಕಾಯಿ ತುರಿಯುತ್ತಿದ್ದಳು. ವಿಷಯ ಹೇಳಿದೆ.

“ಹ್ವಾಯ್, ಆಗುಂಬೆ ಘಾಟಿ ಹತ್ತುಕೆ ಲಿಂಬೆಹಣ್ಣ್ ಮೂಸ್ಕಂಡ್ ಹೋಪರ್ ನೀವ್. ಅಷ್ಟ್ ಮೇಲ್ ಹೋಯಿ ಎಂತ ಮಾಡ್ತ್ರಿ?”

“ಅದ್ ರಸ್ತೆ ತಿರುವಿನ್ ತಪ್ಪ್ ಮಾರಾಯ್ತಿ. ಆಕಾಶದಗೆ ತಿರುವಿತ್ತಾ?”

ವಿಜ್ಞಾನಕ್ಕೆ ಸೋತು ಅವಳು ಎದ್ದು ಒಳಗೆ ಹೋದಳು. ಅಥವಾ ಕಾಯಿ ತುರಿದು ಮುಗಿದಿತ್ತು.

ಮೊದಲ ಗಿರಾಕಿ ಶೀನ ಶೆಟ್ರು. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು. ಸಿಂಗಾಪುರ, ದುಬೈ ಎಲ್ಲ ಮುಗಿಸಿ ಇನ್ನೆಲ್ಲಿಗೆ ಹೋಗಲಿ ಎಂದು ಚಡಪಡಿಸುತ್ತಿದ್ದರು. ಹೆಂಡತಿ ಗುಲಾಬಕ್ಕನನ್ನೂ ಎಪ್ಪತ್ತಾರರ ತಾಯಿ ಅಕ್ಕಮ್ಮನನ್ನೂ ಕರೆದುಕೊಂಡೇ ನನ್ನ ಆಫೀಸಿಗೆ ಬಂದರು. ಒಂದೇ ಮನೆಯಲ್ಲಿ ಮೂರು ಸೀಟು! ಆದರೆ ನಮ್ಮ ಕಡೆಯವರು ಟೂರ್ ಎಂದರೆ ಮೊದಲು ಕೇಳುವುದು ಊಟ, ಚಾ, ದೇವಸ್ಥಾನ.

“ಊಟಕ್ಕ್ ಕುಚ್ಲಕ್ಕಿ ಅನ್ನ ಇತ್ತಾ?” ಅಕ್ಕಮ್ಮ ಕೇಳಿದರು.

“ಊಟ ಗೀಟ ಎಂತದೂ ಇಲ್ಲೆ ಅಕ್ಕಮ್ಮ. ಹತ್ತೇ ನಿಮಿಷ.”

“ಹತ್ ನಿಮಿಷಕ್ಕ್ ಇಷ್ಟ್ ಗೌಜಿಯಾ? ನಾವ್ ಬಸ್ಸಿಗ್ ಕಾವುದೇ ಅರ್ಧ ಗಂಟೆ!”

“ಚಾಕ್ಕೆ ಎಲ್ಲ್ ನಿಲ್ಸ್ತ್ರಿ?” ಎಂದರು ಗುಲಾಬಕ್ಕ.

“ನಿಲ್ಸುಕಾತಿಲ್ಲೆ. ರಾಕೆಟ್ ಅದ್.”

“ದೇವಸ್ಥಾನನಾರೂ ಇತ್ತಾ?” ಅಕ್ಕಮ್ಮ ಮತ್ತೆ ಕೇಳಿದರು.

ಗಿರಾಕಿ ಕೈತಪ್ಪುವ ಲಕ್ಷಣ ಕಂಡಿತು. ಗಾಬರಿಯಲ್ಲಿ ಹೇಳಿಬಿಟ್ಟೆ: “ಕೊಲ್ಲೂರು, ಆನೆಗುಡ್ಡೆ, ಕೋಟೇಶ್ವರ, ಎಲ್ಲಾ ಒಂದೇ ಸಲಕ್ಕ್ ಮೇಲಿಂದ ಕಾಂಬುಕಾತ್ತ್!”

ಅಕ್ಕಮ್ಮ ಗಂಭೀರರಾದರು. “ದೇವ್ರ್ ಕೆಳ್ಗೆ, ನಾವ್ ಮೇಲೆ. ಕೈ ಮುಗಿವುದ್ ಹ್ಯಾಂಗೆ?”

ಈ ತಾಂತ್ರಿಕ ಸಮಸ್ಯೆಗೆ ಮುಂಬಯಿ ಕಂಪನಿಯಲ್ಲೂ ಉತ್ತರವಿರಲಿಲ್ಲ. ಫೋನ್ ಮಾಡಿ ಕೇಳಿದ್ದೇನೆ! ಮನಸ್ಸಿನಲ್ಲೇ ಮುಗಿದರಾಯಿತೆಂದು ಕೊನೆಗೆ ಅಕ್ಕಮ್ಮನೇ ದಾರಿ ಕಂಡುಕೊಂಡರು, ಮೂರೂ ಸೀಟು ಗಟ್ಟಿಯಾಯಿತು. ಹೊರಡುವ ದಿನ ಯಾವುದು ಎಂದು ಕಂಪನಿಯನ್ನು ಕೇಳಿದೆ. ಮೊದಲು ಮಳೆಗಾಲ ಮುಗಿಯಲಿ ಅಂದರು, ಆಮೇಲೆ ರಾಕೆಟ್ಟಿನ ಪರೀಕ್ಷೆ ಮುಗಿಯಲಿ ಅಂದರು. ಆದರೆ ಫಾರಂ ಮಾತ್ರ ತಕ್ಷಣ ಬಂತು. ಪ್ರಯಾಣಿಕರು ತೂಕವಿಲ್ಲದ ಸ್ಥಿತಿಯನ್ನು ತಡೆದುಕೊಳ್ಳಬಲ್ಲರೆಂದು ಸ್ಥಳೀಯ ಪ್ರತಿನಿಧಿ ಪರೀಕ್ಷಿಸಿ ರುಜು ಹಾಕಬೇಕಂತೆ.

ಎಲ್ಲಿ ಪರೀಕ್ಷಿಸುವುದು? ನನಗೆ ಹೊಳೆದದ್ದು ಗಂಗೊಳ್ಳಿಯ ಅಳಿವೆ. ಹೊಳೆ ಕಡಲಿಗೆ ಸೇರುವ ಆ ಬಾಯಲ್ಲಿ ತೆರೆ ದೋಣಿಯನ್ನು ಎತ್ತಿ, ಪಕ್ಕನೆ ಕೆಳಗೆ ಬಿಡುತ್ತದೆ. ಹೊಟ್ಟೆ ಗಂಟಲಿಗೆ ಬರುತ್ತದೆ. ಖರ್ಚಿಲ್ಲದ ತರಬೇತಿ! ದೋಣಿಯ ಮಂಜಣ್ಣ ನನ್ನ ಹಳೇ ಗೆಳೆಯ. “ಹೊಟ್ಟಿ ತುಂಬ ತಿಂದ್ಕಂಡ್ ಬಪ್ಪುದ್ ಬ್ಯಾಡ” ಎಂದು ಮೊದಲೇ ಎಚ್ಚರಿಸಿದ್ದ. ಅದು ಪ್ರಯಾಣಿಕರಿಗೆ ಹೇಳಿದ್ದು, ನಾನು ಪರೀಕ್ಷಕನಲ್ಲವೇ! ಆರು ನೀರುದೋಸೆ ತಿಂದು, ಫಾರಂ ಹಿಡಿದು, ದೋಣಿಯ ಮುಂಭಾಗದಲ್ಲಿ ಗಂಭೀರವಾಗಿ ಕುಳಿತೆ. ತಮಾಷೆ ನೋಡಲೆಂದು ಜಲಜಳೂ ಬಂದಿದ್ದಳು.

ಮೊದಲ ತೆರೆಗೆ ಗುಲಾಬಕ್ಕ “ಅಯ್ಯಬ್ಬ!” ಎಂದು ನಕ್ಕರು. ಶೆಟ್ರು ಮೊಬೈಲಿನಲ್ಲಿ ವಿಡಿಯೋ ಶುರುಮಾಡಿದರು. ಅಕ್ಕಮ್ಮ ಎಲೆಗೆ ಸುಣ್ಣ ಸವರುತ್ತಿದ್ದರು. ಕೈ ಒಂದಿಷ್ಟೂ ಅಲುಗಲಿಲ್ಲ.

ಎರಡನೆಯ ತೆರೆ. “ಪ್ರಯಾಣಿಕರೇ, ತಮಗೆ ಏನನ್ನಿಸುತ್ತಿದೆ?” ಎಂದು ಫಾರಮ್ಮಿನಲ್ಲಿದ್ದಂತೆಯೇ ಕೇಳಿದೆ.

“ನಮ್ಗೆಂತ ಆಯ್ಲಿಲ್ಲೆ. ನಿಮ್ ಮೋರೆ ಎಂತಕ್ಕೆ ಹಸ್ರ್ ಆಯ್ತ್?” ಎಂದರು ಶೆಟ್ರು.

ಉತ್ತರಿಸಲು ಬಾಯಿ ತೆರೆದೆ. ಅದೇ ತಪ್ಪಾಯಿತು! ಮೂರನೆಯ ತೆರೆ ಬಂತು, ಆರೂ ನೀರುದೋಸೆ ನನಗಿಂತ ಮೊದಲೇ ಅಂತರಿಕ್ಷಕ್ಕೆ ಹೊರಟವು. ಫಾರಂ ಪೂರ್ತಿ ಭರ್ತಿಯಾಯಿತು.

ಅಕ್ಕಮ್ಮ ನನ್ನ ಹಣೆ ಹಿಡಿದುಕೊಂಡರು. “ಪೂರಾ ಕಕ್ಕ್ ಮಾಣಿ, ನಾಚ್ಕಿ ಮಾಡ್ಕಂಬೇಡ.” ಜಲಜ ಬೆನ್ನು ಸವರುತ್ತಾ ಕೂತಳು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾಚಿಕೆಯಿಂದ ಕಡಲಿಗೇ ಹಾರಿಬಿಡುತ್ತಿದ್ದೆ, ಆದರೆ ಈಜು ಬರುವುದಿಲ್ಲ.

ದಡ ಸೇರಿದ ಮೇಲೆ ಆಣೆ ಹಾಕಿಸಿದೆ: ಯಾರಿಗೂ ಹೇಳಬಾರದು. ಯಾರೂ ಹೇಳಲಿಲ್ಲ. ಆದರೆ ಆಣೆಗೆ ಮೊದಲೇ ಶೆಟ್ರು ತಮ್ಮ ಧೈರ್ಯಕ್ಕೆ ಸಾಕ್ಷಿಯೆಂದು ವಿಡಿಯೋವನ್ನು ಕಂಪನಿಗೆ ಕಳಿಸಿಯಾಗಿತ್ತು! ಅದರಲ್ಲಿ ಶೆಟ್ರಿಗಿಂತ ಹೆಚ್ಚು ನಾನೇ ಇದ್ದೆ.

ಮೂರನೇ ದಿನ ಉತ್ತರ ಬಂತು. “ಮೂವರು ಪ್ರಯಾಣಿಕರೂ ತೇರ್ಗಡೆ. ಪ್ರತಿನಿಧಿ ಅನರ್ಹ. ಅವರ ಪುಕ್ಕಟೆ ಸೀಟನ್ನು ದೋಣಿಯಲ್ಲಿ ಅವರ ಬೆನ್ನು ಸವರುತ್ತಿದ್ದ ಮಹಿಳೆಗೆ ನೀಡಬಹುದು.”

ಎರಡು ಸಲ ಓದಿದೆ. ಹೊಟ್ಟೆ ಉರಿಯಿತು. ಆದರೂ ಹೊಸ ಫಾರಮ್ಮಿನಲ್ಲಿ ಜಲಜಳ ಹೆಸರನ್ನು ನಾನೇ ಬರೆದೆ.

“ಬೇಜಾರ್ ಮಾಡ್ಕಂಬೇಡಿ” ಎಂದಳು ಅವಳು. ಈ ಸಲ ನಗುತ್ತಿರಲಿಲ್ಲ. “ಕಂಡದ್ದೆಲ್ಲಾ ಬಂದ್ ಹೇಳ್ತೆ. ನೀವ್ ಕೆಂಪ್ ಅಂಗಿ ಹಾಕ್ಕಂಡ್ ಅಂಗ್ಳದಗೆ ನಿಂತ್ಕಣಿ. ಮೇಲಿಂದ ಗುರ್ತ ಸಿಕ್ರೆ ಕೈ ಬೀಸ್ತೆ.”

ಹೊರಡುವ ದಿನ ಇನ್ನೂ ಗೊತ್ತಾಗಿಲ್ಲ. ಅಂಗಿ ಮಾತ್ರ ತಂದಿಟ್ಟಿದ್ದೇನೆ. ನನ್ನ ಅಳತೆಗಿಂತ ಎರಡು ಸೈಜು ದೊಡ್ಡದು. ಅಷ್ಟು ಮೇಲಿಂದ ನೋಡಿದರೆ ನಾನು ಇನ್ನೂ ಸಣ್ಣವನಾಗಿ ಕಾಣುತ್ತೇನಂತೆ!