ಮಾವನ ಕೇಪಿನ ಕೋವಿ

ಇಡೀ ದೋಹಾದಲ್ಲಿ ಜಿಂಕೆ ಬೇಟೆಯಾಡುವವರು ಒಬ್ಬರೇ, ಅವರು ನನ್ನ ಸೋದರಮಾವ. ಅವರ ಬಳಿ ಕೋವಿ ಇಲ್ಲ. ಇಲ್ಲಿ ಕಾಡಿಲ್ಲ. ಇರುವ ನಾಲ್ಕು ಜಿಂಕೆಗಳೂ ಸರ್ಕಾರದ ಬೇಲಿಯೊಳಗೆ ಸುಖವಾಗಿವೆ. ಇಷ್ಟು ಸಣ್ಣ ಅಡಚಣೆಗೆಲ್ಲ ಹಿಂಜರಿಯುವ ಜನವೇ ಅವರು?

ನಜ್ಮಾ ಬಡಾವಣೆಯಲ್ಲಿ ಅವರದು ದಾರ, ಜಿಪ್ಪು ಮಾರುವ ಪುಟ್ಟ ಅಂಗಡಿ. ಅಲ್ಲಿಗೆ ಬಂದ ಯಾವ ದರ್ಜಿಯೂ ಊರಿನ ಕೇಪಿನ ಕೋವಿಯ ಕಥೆ ಕೇಳದೆ ಹೊರಗೆ ಹೋಗುವಂತಿಲ್ಲ. ನಳಿಗೆಯ ಬಾಯಿಯಿಂದ ಮಸಿ, ಅಂದರೆ ಮದ್ದಿನ ಪುಡಿ, ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಗುಂಡು ಇಳಿಸಬೇಕು, ಕೋಲಿನಿಂದ ಜಡಿಯಬೇಕು, ಕೊನೆಗೆ ಕಿಡಿ ಹಾರಿಸುವ ಕೇಪು ಇಡಬೇಕು. ಇಷ್ಟೆಲ್ಲ ಮಾಡಿದರೆ ಸಿಗುವುದು ಒಂದೇ ಒಂದು ಈಡು! ತಪ್ಪಿದರೆ, ಮತ್ತೆ ತುಂಬಿಸುವಷ್ಟರಲ್ಲಿ ಜಿಂಕೆ ಘಟ್ಟ ಹತ್ತಿರುತ್ತದೆ. ಮಾವನ ಈಡು ಮಾತ್ರ ಎಂದೂ ತಪ್ಪಿಲ್ಲವಂತೆ.

ಪಾರ್ಕಿಂಗಿಗೂ ಇದೇ ಸಿದ್ಧಾಂತ. ಅವರು ಸುತ್ತು ಹೊಡೆಯುವುದಿಲ್ಲ. ಒಂದು ಕಡೆ ಕಾರು ನಿಲ್ಲಿಸಿ, ಕೀ ಹಿಡಿದು ಬರುವವರ ನಡಿಗೆಯನ್ನು ಗಮನಿಸುತ್ತಾ ಕಾಯುತ್ತಾರೆ. ಹಿಂದಿನವರು ಹಾರ್ನ್ ಹೊಡೆದರೆ “ಶ್ಶ್! ಓಡಿಸ್ತೀರಾ ಅವನನ್ನು?” ಎಂದು ಗದರುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತ ಅತ್ತೆ ಒಂದು ಕಟ್ಟು ಬೀನ್ಸಿನ ನಾರು ತೆಗೆದು ಮುಗಿಸಿರುತ್ತಾರೆ.

ಹೋದ ವರ್ಷ ಲುಸೈಲಿನ ನಮ್ಮ ಆಫೀಸು ಬಾಗಿಲು ಹಾಕಿತು. ಬೇಗ ಬೇರೆ ಕೆಲಸ ಸಿಗದಿದ್ದರೆ ಹೆಂಡತಿ, ಮಗಳ ಸಮೇತ ಊರಿಗೆ ಗಂಟುಮೂಟೆ ಕಟ್ಟಬೇಕು. ನಾನು ಕಂಡಕಂಡ ಕಂಪನಿಗೆಲ್ಲ ಅರ್ಜಿ ಕಳಿಸುತ್ತಿದ್ದೆ.

“ಎಂತ ಮಾರಾಯ, ಮದುವೆಗೆ ಗರ್ನಾಲು ಪಟಾಕಿ ಹೊಡೆದ ಹಾಗೆ!” ಮಾವ ಬೈದರು. “ಶಬ್ದ ಉಂಟು, ಬೇಟೆ ಇಲ್ಲ. ಒಂದು ಈಡು ಸಾಕು. ನನ್ನೊಟ್ಟಿಗೆ ಬಾ.”

ಅವರು ಗುರುತು ಮಾಡಿಟ್ಟ ಜಿಂಕೆ ನಮ್ಮ ಊರಿನ ಕಡೆಯವರೇ ಆದ ಒಬ್ಬ ಮ್ಯಾನೇಜರು. ಪ್ರತಿ ಶುಕ್ರವಾರ ಬೆಳಿಗ್ಗೆ ನಜ್ಮಾದ ಕೆಫೆಟೇರಿಯಾಕ್ಕೆ ಪರೋಟ ತಿನ್ನಲು ಬರುತ್ತಿದ್ದರು. ಮಾವ ನನಗೆ ಅತ್ತರು ಹಚ್ಚಲು ಬಿಡಲಿಲ್ಲ. ವಾಸನೆ ಹಿಡಿದರೆ ಓಡುತ್ತಾರಂತೆ! ಎ.ಸಿ. ಗಾಳಿ ಆತನ ಕಡೆಯಿಂದ ನಮ್ಮ ಕಡೆಗೆ ಬೀಸುವ ಮೇಜು ಹುಡುಕಿ ಕೂರಿಸಿದರು. ನಾನು ಏಳಲು ಹೊರಟರೆ ಅಂಗಿ ಹಿಡಿದು ಜಗ್ಗಿದರು.

“ಈಗ ಬೇಡ. ತಲೆ ಎತ್ತಿದ್ದಾನೆ.”

ಆತ ಪರೋಟಕ್ಕೆ ಬಗ್ಗಿದ ಕೂಡಲೇ “ಯಲ್ಲಾ, ಹೊರಡು!” ಎಂದು ತಳ್ಳಿದರು.

ಹೋಗಿ ನಿಂತೆ. ಬಾಯೇ ಬರಲಿಲ್ಲ. ಮಸಿ ಪೂರ್ತಿ ಒದ್ದೆ!

ಮ್ಯಾನೇಜರೇ ನಕ್ಕರು. “ಓ, ಅಳಿಯ ಅಂದ್ರೆ ನೀವೇನಾ? ನಿಮ್ಮ ಮಾವ ಎಷ್ಟೋ ವಾರದಿಂದ ನನ್ನ ಎದುರೇ ಕೂತು ನಿಮ್ಮ ಸುದ್ದಿ ಮಾತಾಡ್ತಾರೆ. ನನಗೆ ಪರೋಟ ನೆಮ್ಮದಿಯಲ್ಲಿ ತಿನ್ಲಿಕ್ಕುಂಟು. ಭಾನುವಾರ ಆಫೀಸಿಗೆ ಬನ್ನಿ ಮಾರಾಯ್ರೆ!”

ಹೋದೆ. ಪರೀಕ್ಷೆ ಮಾಡಿದರು, ಕೆಲಸ ಕೊಟ್ಟರು. ನಾವು ಇಲ್ಲೇ ಉಳಿದೆವು.

ಮುಂದಿನ ಶುಕ್ರವಾರ ಮಾವ, ಅತ್ತೆಯನ್ನು ಊಟಕ್ಕೆ ಕರೆದೆವು. ಮಟನ್ ಬಡಿಸುತ್ತಿದ್ದಾಗ ನಾನು, “ಮಾವನ ಈಡು ಈ ಸಲವೂ ತಪ್ಪಲಿಲ್ಲ” ಎಂದೆ.

ಅತ್ತೆ ನಕ್ಕುಬಿಟ್ಟರು. “ಎಂಥ ಈಡು? ಊರಲ್ಲಿ ಸರ್ಕಾರ ಬೇಟೆ ನಿಲ್ಲಿಸಿದಾಗ ಇವರಿನ್ನೂ ಶಾಲೆಗೆ ಹೋಗುವ ಪೋರ. ಕೋವಿ ಯಾರು ಕೊಡ್ತಾರೆ? ಡಬ್ಬ ಬಡೀತಾ ಜಿಂಕೆಯನ್ನು ಕೋವಿಯವರ ಕಡೆಗೆ ಓಡಿಸ್ಲಿಕ್ಕೆ ಇವರನ್ನು ಕರ್ಕೊಂಡು ಹೋಗ್ತಿದ್ದದ್ದು.”

ಮಾವ ತಟ್ಟೆಯ ಅಂಚಿಗೆ ಕರಿಬೇವು ಸರಿಸತೊಡಗಿದರು. ನನ್ನ ಅಣ್ಣನಿಗೆ, ಅತ್ತೆಯ ತಮ್ಮನಿಗೆ, ಈಗ ನನಗೆ, ದೋಹಾದಲ್ಲಿ ಅನ್ನ ಸಿಕ್ಕಿದ್ದು ಮಾವ ಹೀಗೆ ಡಬ್ಬ ಬಡಿದದ್ದರಿಂದಲೇ ಅಲ್ಲವೇ? ನಾನೇ ಕೇಳಿದೆ.

“ಓಡಿಸಿದವರಿಗೆ ಪಾಲು ಸಿಗ್ತಿತ್ತಾ ಮಾವ?”

“ಸಿಗದೆ? ಕೋವಿಯವನಿಗೆ ಎಷ್ಟೋ ಅಷ್ಟೇ. ಸಣ್ಣವ ಅಂತ ಕಡಿಮೆ ಮಾಡ್ತಿರ್ಲಿಲ್ಲ.”

ನಾನು ಎದ್ದು, ಪಾತ್ರೆಯಲ್ಲಿದ್ದ ದೊಡ್ಡ ತುಂಡುಗಳನ್ನೆಲ್ಲ ಹುಡುಕಿ ಅವರ ತಟ್ಟೆಗೆ ಹಾಕಿದೆ.

“ಸಾಕು ಮಾರಾಯ, ಕೊಲೆಸ್ಟ್ರಾಲ್ ಉಂಟು” ಎಂದರು ಮಾವ. ಕೈ ಮಾತ್ರ ಅಡ್ಡ ಹಿಡಿಯಲಿಲ್ಲ.