ಗ್ಯಾಲಕ್ಸಿಗಳ ಪ್ರಕಾರ ನನ್ನ ವಯಸ್ಸನ್ನು ತಿದ್ದಿಕೊಡುವ ಕುರಿತು

ಇಂದ:
ಟಾರ್ಚಮ್ಮ (ಸೇವಾ ಪುಸ್ತಕದಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕರೆದರೆ ನಾನೇ ತಿರುಗಿ ನೋಡುವುದಿಲ್ಲ),
ಬಾಗಿಲು ಸಹಾಯಕಿ, ಗುಮ್ಮಟದ ಹಾಲ್,
ತಾರಾಲಯ.

ಗೆ:
ಮಾನ್ಯ ನಿರ್ದೇಶಕರು,
ತಾರಾಲಯ, ಎರಡನೇ ಮಹಡಿ
(ಲಿಫ್ಟ್ ಕೆಟ್ಟಿರುವುದರಿಂದ ಮೆಟ್ಟಿಲಿನ ಮೂಲಕ).

ವಿಷಯ: ನನ್ನನ್ನು ಮೂರು ವರ್ಷ ಮುಂಚಿತವಾಗಿ ನಿವೃತ್ತಿ ಮಾಡುತ್ತಿರುವ ಬಗ್ಗೆ, ಹಾಗೂ ವಿಶ್ವದ ವಯಸ್ಸು ಕಂಡುಹಿಡಿದ ರೀತಿಯಲ್ಲೇ ನನ್ನ ವಯಸ್ಸನ್ನೂ ಕಂಡುಹಿಡಿದುಕೊಳ್ಳುವ ಬಗ್ಗೆ.

ಉಲ್ಲೇಖ: 1. ಸೂಚನಾ ಫಲಕದಲ್ಲಿ ಅಂಟಿಸಿರುವ ಆದೇಶ, ಸಂಖ್ಯೆ ಇರುವ ಮೂಲೆ ಹರಿದಿದೆ.
2. ನನ್ನ ಸೇವಾ ಪುಸ್ತಕ, ಮೊದಲ ಪುಟ.
3. ಮಧ್ಯಾಹ್ನ ಎರಡರ ಪ್ರದರ್ಶನದ ಉಪನ್ಯಾಸ, ಮೂವತ್ತು ವರ್ಷ ನಿಂತುಕೊಂಡು ಕೇಳಿದ್ದು.

ಮಾನ್ಯರೇ,

ಮೇಲಿನ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಓದಿದ್ದು ಮೂರನೇ ತರಗತಿ. ಅರ್ಜಿಯ ಮಾದರಿಯನ್ನು ನಮ್ಮ ಕೈತೋಟದ ಮಾಲಿ ರಜೆಗೆ ಹಾಕಿದ್ದ ಹಳೆಯ ಅರ್ಜಿಯಿಂದ ಇಳಿಸಿಕೊಂಡಿದ್ದೇನೆ. ಎಲ್ಲಾದರೂ "ಹೊಟ್ಟೆನೋವಿನ ನಿಮಿತ್ತ" ಎಂದು ಉಳಿದುಬಿಟ್ಟಿದ್ದರೆ ಅದು ಅವನದು, ನನ್ನದಲ್ಲ ಎಂದು ತಿಳಿಯುವುದು.

1. ಮೂವತ್ತು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ದಿನ ಆಗಿನ ಗುಮಾಸ್ತರು ಹುಟ್ಟಿದ ತಾರೀಖು ಕೇಳಿದರು. ಗೊತ್ತಿಲ್ಲ ಎಂದೆ. ಬೇಸಿಗೆಯೋ ಮಳೆಗಾಲವೋ ಎಂದರು. ಅದೂ ಗೊತ್ತಿಲ್ಲ ಎಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ನನ್ನ ಮುಖ ನೋಡಿದರು, "ಮೂವತ್ತು ಅಂತ ಹಾಕ್ಲಾ?" ಎಂದರು. ಕೆಲಸ ಸಿಗುವ ಹೊತ್ತಿನಲ್ಲಿ ಚೌಕಾಸಿ ಬೇಡವೆಂದು ಹೂಂ ಎಂದೆ. ಆದಕಾರಣ, ದಾಖಲೆಯ ಪ್ರಕಾರ ನಾನು ಕೆಲಸಕ್ಕೆ ಸೇರಿದ ತಾರೀಖಿನಂದೇ ಹುಟ್ಟಿದವಳು.

2. ಆ ಲೆಕ್ಕದಲ್ಲಿ ಈ ತಿಂಗಳು ನನಗೆ ಅರವತ್ತು ತುಂಬಿ, ಮೂವತ್ತನೇ ತಾರೀಖಿಗೆ ಕೆಲಸ ಮುಗಿಯುತ್ತದೆ. ಈಗಿನ ಗುಮಾಸ್ತರ ಹತ್ತಿರ ಹೋದೆ.

"ಅದು ತಪ್ಪು ತಾರೀಖು ಕಣಪ್ಪಾ."

"ಸರಿಯಾದ್ದು ಯಾವ್ದು?"

"ಗೊತ್ತಿಲ್ಲ."

"ಸರಿಯಾದ್ದು ಗೊತ್ತಿಲ್ದೆ ಇದು ತಪ್ಪು ಅಂತ ಹೇಗೆ ಹೇಳ್ತೀರಾ? ಹುಟ್ಟಿದ ದಾಖಲೆ ತನ್ನಿ. ಇಲ್ಲಾಂದ್ರೆ ಹುಟ್ಟಿದ್ದನ್ನ ಕಣ್ಣಾರೆ ನೋಡ್ದೋರನ್ನ ಕರ್ಕೊಂಡು ಬನ್ನಿ."

"ಒಳಗೆ ದಿನಕ್ಕೆ ಮೂರು ಸಲ ವಿಶ್ವದ ವಯಸ್ಸು ಹೇಳ್ತಾರಲ್ಲ, ಅದನ್ನ ಯಾರು ಕಣ್ಣಾರೆ ನೋಡಿದ್ರು?"

"ಟಾರ್ಚಮ್ಮ, ವಿಶ್ವ ನಮ್ಮ ಆಫೀಸಲ್ಲಿ ನೌಕರಿ ಮಾಡ್ತಿಲ್ಲ."

ಆ ಮಾತು ಸರಿ. ಆದರೆ ಆಫೀಸು ನಡೆಯುತ್ತಿರುವುದು ವಿಶ್ವದ ಹೆಸರಿನಲ್ಲೇ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

3. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಉಪನ್ಯಾಸಕರು, ಆಗ ಅವರ ತಲೆಯಲ್ಲಿ ಕೂದಲಿತ್ತು, ವಿಶ್ವದ ವಯಸ್ಸು ಸಾವಿರ ಕೋಟಿಯಿಂದ ಎರಡು ಸಾವಿರ ಕೋಟಿ ವರ್ಷದ ಒಳಗೆ ಎಲ್ಲೋ ಇದೆ ಎನ್ನುತ್ತಿದ್ದರು. ಆಮೇಲೆ ಸಾವಿರದ ಐನೂರು ಎಂದರು. ಆಮೇಲೆ ಸಾವಿರದ ಮುನ್ನೂರ ಎಪ್ಪತ್ತು. ಈಗ ಕೆಲವು ವರ್ಷದಿಂದ ಸಾವಿರದ ಮುನ್ನೂರ ಎಂಬತ್ತು ಕೋಟಿಗೆ ನಿಂತಿದೆ. ಪ್ರತಿ ಸಲವೂ ಹಾಲ್‌ನಲ್ಲಿದ್ದವರು ಚಪ್ಪಾಳೆ ತಟ್ಟಿದ್ದಾರೆ. ಸಾವಿರ ಕೋಟಿ ವರ್ಷ ಆಚೀಚೆ ಆದದ್ದನ್ನು ಸಹಿಸಿಕೊಂಡ ಕಚೇರಿ, ನನ್ನ ಮೂರು ವರ್ಷಕ್ಕೆ ಇಷ್ಟು ಬಿಗಿ ಹಿಡಿಯುವುದು ಸರಿಯೇ ಎಂದು ತಾವೇ ಯೋಚಿಸಬೇಕು.

4. ಲೆಕ್ಕದ ರೀತಿ ತಮಗೆ ಗೊತ್ತಿರುವುದೇ. ಆದರೂ ಅರ್ಜಿ ಪೂರ್ತಿಯಾಗಿರಲೆಂದು ಬರೆಯುತ್ತೇನೆ. ಗ್ಯಾಲಕ್ಸಿ ಎಂದರೆ ಕೋಟ್ಯಂತರ ನಕ್ಷತ್ರಗಳು ಒಟ್ಟಾಗಿ ಬದುಕುವ ವಠಾರ. ದೂರದ ವಠಾರಗಳೆಲ್ಲ ನಮ್ಮಿಂದ ಇನ್ನೂ ದೂರ ಹೋಗುತ್ತಿವೆ. ಎರಡರಷ್ಟು ದೂರದಲ್ಲಿರುವುದು ಎರಡರಷ್ಟು ವೇಗದಲ್ಲಿ ಹೋಗುತ್ತದೆ. ಹಾಗೆ ಹೋಗುವಾಗ ಅದರ ಬೆಳಕಿನ ಅಲೆ ಎಳೆದಂತಾಗಿ ಕೆಂಪಿಗೆ ವಾಲುತ್ತದೆ. ಈಗ ಎಲ್ಲವನ್ನೂ ಮನಸ್ಸಿನಲ್ಲೇ ಹಿಂದಕ್ಕೆ ಓಡಿಸಿದರೆ ಒಂದು ದಿನ ಎಲ್ಲವೂ ಒಟ್ಟಿಗೇ ಇದ್ದವು ಎಂದಾಗುತ್ತದೆ. ದೂರವನ್ನು ವೇಗದಿಂದ ಭಾಗಿಸಿದರೆ ಆ ದಿನ ಎಷ್ಟು ಹಿಂದಿನದು ಎಂದು ಹೆಚ್ಚುಕಡಿಮೆ ಸಿಗುತ್ತದೆ. ಯಾರ ಸಹಿಯೂ ಬೇಕಿಲ್ಲ, ಮೊಹರೂ ಬೇಕಿಲ್ಲ.

5. ನಾವು ಒಡಹುಟ್ಟಿದವರು ನಾಲ್ವರು: ದೊಡ್ಡಕ್ಕ, ಅಣ್ಣ, ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ. ನೂಲಿನ ಗಿರಣಿಯ ಹಿಂದಿನ ಸಾಲುಮನೆಯಲ್ಲಿ ಒಂದೇ ಕೋಣೆ, ಒಂದೇ ಕಂಬಳಿ. ಒಬ್ಬರು ಮಗ್ಗುಲು ಬದಲಿಸಿದರೆ ನಾಲ್ವರೂ ಬದಲಿಸಬೇಕು. ಗಿರಣಿ ಮುಚ್ಚಿತು, ಕೋಣೆ ಖಾಲಿ ಮಾಡಿಸಿದರು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕೈಗಾಡಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ನನ್ನನ್ನು ಕೂರಿಸಿದ್ದರು. ಅಪ್ಪ ಮುಂದೆ ಎಳೆಯುತ್ತಿದ್ದ, ತಮ್ಮ ಹಿಂದಿನಿಂದ ತಳ್ಳುತ್ತಿದ್ದ, ದೊಡ್ಡಕ್ಕ ದೀಪದ ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆಯುತ್ತಿದ್ದಳು. ಬೀದಿಯ ಕೊನೆಯಲ್ಲಿ ದೊಡ್ಡಕ್ಕ ಹೊಲಿಗೆ ಕಲಿಯಲು ಸೋದರತ್ತೆಯ ಮನೆಗೆ, ಅಣ್ಣ ಗ್ಯಾರೇಜಿಗೆ, ತಮ್ಮ ಮಾವನ ಜೊತೆಗೆ ಹೋದರು. ಅಲ್ಲಿಂದ ಈಚೆಗೆ ನಾಲ್ವರೂ ಒಂದೇ ಸೂರಿನಡಿ ಮಲಗಿಲ್ಲ. ಹಾಸಿಗೆಯ ಮೇಲೆ ಕೂರಿಸಿದ್ದರು ಎಂದಮೇಲೆ ನಾನು ಸಣ್ಣವಳು. ಆದಕಾರಣ, ಆಗ ನನಗೆ ಮೂರು ವರ್ಷ.

6. ಗಿರಣಿಯ ದಾಖಲೆ ಸಿಕ್ಕುವುದಿಲ್ಲ, ಗಿರಣಿಯೇ ಇಲ್ಲ. ಆದ್ದರಿಂದ ಒಡಹುಟ್ಟಿದವರನ್ನು ಅಳೆದೆ. ನಾನು ಮಾತ್ರ ಈ ಊರು ಬಿಟ್ಟವಳಲ್ಲ, ಹಾಗಾಗಿ ಅಳತೆ ನನ್ನಿಂದ.

ಅಣ್ಣ ಮನೆ ಬದಲಿಸಿದಾಗಲೆಲ್ಲ ಇನ್ನಷ್ಟು ಆಚೆಗೇ ಹೋದವನು. ಹತ್ತು ವರ್ಷದ ಹಿಂದೆ ನೂರ ಎಪ್ಪತ್ತಾರು ಕಿಲೋಮೀಟರ್, ಈಗ ಇನ್ನೂರ ಹದಿನಾರು. ಅಂದರೆ ವರ್ಷಕ್ಕೆ ನಾಲ್ಕು. ಭಾಗಿಸಿದರೆ ಐವತ್ತನಾಲ್ಕು ವರ್ಷ.

ತಮ್ಮನೋ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುವವನು. ಹತ್ತು ವರ್ಷದ ಹಿಂದೆ ನಾನೂರ ನಲವತ್ತು, ಈಗ ಐನೂರ ನಲವತ್ತು. ವರ್ಷಕ್ಕೆ ಹತ್ತು. ಭಾಗಿಸಿದರೆ ಇದೂ ಐವತ್ತನಾಲ್ಕು.

ಉಪನ್ಯಾಸಕರು ಊಟದ ಡಬ್ಬಿ ಬದಿಗಿಟ್ಟು ಈ ಲೆಕ್ಕದ ಚೀಟಿಯನ್ನು ಎರಡು ಸಲ ನೋಡಿದರು. "ಟಾರ್ಚಮ್ಮ, ದೂರ ಇರೋನು ವೇಗವಾಗಿ, ಹತ್ತಿರ ಇರೋನು ನಿಧಾನ. ನಿಮ್ಮ ಮನೇಲಿ ಗ್ಯಾಲಕ್ಸಿಗಳಿಗಿಂತ ಶಿಸ್ತು ಜಾಸ್ತಿ ಇದೆಯಲ್ಲ" ಎಂದರು. ಕೆಂಪಿಗೆ ವಾಲುವುದೂ ಇದೆ. ತಮ್ಮನ ಫೋನು ಮೊದಲು ವಾರಕ್ಕೊಮ್ಮೆ ಬರುತ್ತಿತ್ತು, ಆಮೇಲೆ ತಿಂಗಳಿಗೊಮ್ಮೆ, ಈಗ ವರ್ಷಕ್ಕೆ ಎರಡು. "ಯಾಕೋ ಇಷ್ಟು ದೂರ ಹೋದೆ" ಎಂದರೆ, "ನಾನೆಲ್ಲಿಗೂ ಹೋಗಿಲ್ಲ ಚಿಕ್ಕಕ್ಕ, ನೀವೇ ಎಲ್ಲಾ ದೂರ ಆದ್ರಿ" ಎನ್ನುತ್ತಾನೆ. ವಿಶ್ವಕ್ಕೆ ನಡುಮಧ್ಯ ಎಂಬುದೇ ಇಲ್ಲ, ಎಲ್ಲಿ ನಿಂತು ನೋಡಿದರೂ ಉಳಿದವರೇ ಓಡುತ್ತಿರುವಂತೆ ಕಾಣುತ್ತದೆ ಎಂದು ಉಪನ್ಯಾಸಕರು ಹೇಳುವುದು ಇದನ್ನೇ.

7. ದೊಡ್ಡಕ್ಕನಿಂದ ಮಾತ್ರ ಲೆಕ್ಕ ಕೆಟ್ಟಿತು. ಹತ್ತು ವರ್ಷದ ಹಿಂದೆ ಅವಳು ತೊಂಬತ್ತು ಕಿಲೋಮೀಟರ್ ದೂರ ಇದ್ದಳು, ಈಗ ಅರವತ್ತು. ಹತ್ತಿರ ಬರುತ್ತಿದ್ದಾಳೆ. ಅವಳ ಪ್ರಕಾರ ಭಾಗಿಸಿದರೆ ನಾವು ಒಂದೇ ಕೋಣೆಯಲ್ಲಿ ಇದ್ದದ್ದು ಹಿಂದೆ ಅಲ್ಲ, ಇನ್ನು ಇಪ್ಪತ್ತು ವರ್ಷಕ್ಕೆ ಇರುತ್ತೇವೆ. ಅಂದರೆ ನಾನು ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದಿರುವ ನೌಕರಳನ್ನು ನಿವೃತ್ತಿ ಮಾಡಲು ನಿಯಮದಲ್ಲಿ ಅವಕಾಶ ಇದೆಯೇ ಎಂದು ಗುಮಾಸ್ತರನ್ನು ಕೇಳಿದೆ. ಅವರು ಚಹಾ ಕುಡಿಯಲು ಎದ್ದು ಹೋದರು.

ಉಪನ್ಯಾಸಕರು ಬಿಡಿಸಿ ಹೇಳಿದರು: ದೂರದವು ಮಾತ್ರ ಬಿಟ್ಟು ಹೋಗುತ್ತವೆ. ಹತ್ತಿರದವುಗಳ ನಡುವೆ ಸೆಳೆತ ಹೆಚ್ಚು. ನಮ್ಮ ಪಕ್ಕದ ದೊಡ್ಡ ಗ್ಯಾಲಕ್ಸಿಯೂ ದೂರ ಹೋಗುತ್ತಿಲ್ಲ, ನಮ್ಮ ಕಡೆಗೇ ಬರುತ್ತಿದೆ. ಆದ್ದರಿಂದ ಅದನ್ನೂ ದೊಡ್ಡಕ್ಕನನ್ನೂ ವಯಸ್ಸಿನ ಲೆಕ್ಕದಿಂದ ಬಿಡಬೇಕು. ಬಿಟ್ಟಿದ್ದೇನೆ.

8. ಇಷ್ಟೆಲ್ಲ ಯಾಕೆ ಎಂದು ತಾವು ಕೇಳಬಹುದು. ದೊಡ್ಡಕ್ಕನಿಗಾಗಿಯೇ. ನಾನು ಈ ಕೆಲಸಕ್ಕೆ ಸೇರಿದಾಗ ಅವಳು "ಕತ್ಲಲ್ಲಿ ಜನಕ್ಕೆ ಕುರ್ಚಿ ತೋರ್ಸೋದೂ ಒಂದು ಕೆಲ್ಸಾನೇನೇ?" ಎಂದಿದ್ದಳು. ಬಂದು ನೋಡು ಎಂದೆ. ಬರುತ್ತೇನೆ ಎಂದಳು. ಮೊದಲು ಹೊಲಿಗೆ ಯಂತ್ರ ಬಿಡಲಿಲ್ಲ, ಆಮೇಲೆ ಮಕ್ಕಳು, ಆಮೇಲೆ ಮೊಮ್ಮಕ್ಕಳು, ಈಗ ಮೊಣಕಾಲು. ಮೊಣಕಾಲಿಗೆ ಆಪರೇಷನ್ ಆದಮೇಲೆ ಬರುವವಳಿದ್ದಾಳೆ, ಅದಕ್ಕೆ ಎರಡು ವರ್ಷವಾದರೂ ಬೇಕಂತೆ. ಮೂವತ್ತು ವರ್ಷದಲ್ಲಿ ಮಂತ್ರಿಗಳಿಗೆ, ಕುಡಿದವರಿಗೆ, ಹೊಸದಾಗಿ ಮದುವೆಯಾದವರಿಗೆ, ಕತ್ತಲೆಂದರೆ ಅಳುವ ಮಕ್ಕಳಿಗೆ, ಎಲ್ಲರಿಗೂ ಕುರ್ಚಿ ತೋರಿಸಿದ್ದೇನೆ. ಅವಳಿಗೆ ತೋರಿಸಿಲ್ಲ. ಅವಳು ಬರುವ ದಿನ ಟಾರ್ಚು ನನ್ನ ಕೈಯಲ್ಲೇ ಇರಬೇಕು. ಬೇರೆ ಕಾರಣವಿಲ್ಲ.

ಆದ್ದರಿಂದ, ಐವತ್ತನಾಲ್ಕಕ್ಕೆ ಮೂರು ಕೂಡಿ ನನ್ನ ವಯಸ್ಸು ಐವತ್ತೇಳು ಎಂದು ತಿದ್ದಿ, ಹೊಟ್ಟೆನೋವಿನ ನಿಮಿತ್ತ (ಇದು ಮಾಲಿಯದು) ಇನ್ನೂ ಮೂರು ವರ್ಷ ಕೆಲಸದಲ್ಲಿ ಮುಂದುವರಿಸಬೇಕೆಂದು ಕೋರುತ್ತೇನೆ.

ಅರ್ಜಿಗೆ ಸೇರ್ಪಡೆ, ಮರುದಿನ ಬರೆದದ್ದು:

ಮಾನ್ಯರೇ, ಮೇಲಿನದನ್ನು ಬರೆದು ಉಪನ್ಯಾಸಕರಿಗೆ ತೋರಿಸಿದೆ. ಐದನೇ ಅಂಶ ಓದುವಾಗ ಸ್ವಲ್ಪ ಕೆಮ್ಮಿದರು. "ಅಳತೆ ಒಬ್ಬರದೇ ಇರಬಾರ್ದು ಟಾರ್ಚಮ್ಮ. ಇನ್ನೊಬ್ರು ನೋಡಿ ಹೌದು ಅನ್ಬೇಕು. ನಾವೂ ಹಾಗೇ ಮಾಡೋದು" ಎಂದರು. ಆದ್ದರಿಂದ ದೊಡ್ಡಕ್ಕನಿಗೆ ಫೋನು ಮಾಡಿ ಪೂರ್ತಿ ಓದಿ ಹೇಳಿದೆ. ಅವಳು ಅಡ್ಡ ಮಾತಾಡದೆ ಕೇಳಿದಳು. ಅದಕ್ಕೇ ನನಗೆ ಭಯವಾದದ್ದು.

"ಗಾಡಿ ಯಾರು ತಳ್ತಿದ್ರು ಅಂದೆ?"

"ತಮ್ಮ."

"ಅವನು ನಿನಗಿಂತ ಎಷ್ಟಕ್ಕೆ ಚಿಕ್ಕೋನು?"

"ಮೂರು ವರ್ಷಕ್ಕೆ."

"ನಿನಗೆ ಆಗ ಮೂರಾದ್ರೆ ಅವನು ಅಮ್ಮನ ಹೊಟ್ಟೇಲಿದ್ದ. ಹೊಟ್ಟೇಲಿ ಇದ್ಕೊಂಡೇ ಗಾಡಿ ತಳ್ಳಿದ್ನಾ?"

ನಾನು ಬೆರಳು ಮಡಿಸಿ ಎಣಿಸತೊಡಗಿದೆ. ಎಣಿಕೆ ಮುಗಿಯುವ ಮೊದಲೇ ಅವಳೇ ಹೇಳಿದಳು:

"ನಿನಗೆ ಏಳು ಕಣೇ. ಮುಂದಿನ ಎರಡು ಹಲ್ಲು ಬಿದ್ದಿತ್ತು. ಹಿಂದಿನ ದಿನ ಗಿರಣಿ ಗೋಡೆಯಿಂದ ಹಾರಿ ಕಾಲು ಉಳುಕಿಸ್ಕೊಂಡಿದ್ದೆ, ಅದಕ್ಕೇ ಹಾಸಿಗೆ ಮೇಲೆ ಕೂರ್ಸಿದ್ದು. ಮಹಾರಾಣಿ ಥರ ಕೂತ್ಕೊಂಡು, ಗಾಡಿ ಹಿಂದಕ್ಕೆ ತಿರುಗ್ಸು, ಕೋಣೆಗೇ ವಾಪಸ್ ಹೋಗೋಣ ಅಂತ ಬೀದಿ ತುಂಬಾ ಅತ್ತೆ."

ಹಿಂದಕ್ಕೆ ತಿರುಗಿಸು ಎಂದದ್ದು ನನಗೆ ಮರೆತಿತ್ತು. ಅವಳು ಹೇಳಿದ ಮೇಲೆ ನೆನಪಾಯಿತು.

ಐವತ್ತನಾಲ್ಕಕ್ಕೆ ಏಳು ಕೂಡಿದರೆ ಅರವತ್ತೊಂದು. ಅಂದರೆ ನಾನು ಹೋದ ವರ್ಷವೇ ನಿವೃತ್ತಳಾಗಬೇಕಿತ್ತು. ಗ್ಯಾಲಕ್ಸಿಗಳ ತಪ್ಪೇನಿಲ್ಲ, ತಪ್ಪು ಹಾಸಿಗೆಯದು.

ಆಮೇಲೆ ದೊಡ್ಡಕ್ಕ, "ಯಾವತ್ತು ನಿನ್ನ ಕೊನೇ ದಿನ?" ಎಂದಳು. ಮೂವತ್ತು ಎಂದೆ.

"ಮೂವತ್ತಕ್ಕೇ ಬರ್ತೀನಿ."

"ಮೊಣಕಾಲು?"

"ಅದನ್ನೂ ಕರ್ಕೊಂಡೇ ಬರ್ತೀನಿ, ಇನ್ನೇನು ಮಾಡ್ಲಿ. ಒಳ್ಳೇ ಕುರ್ಚಿ ತೋರ್ಸು. ಕಂಬದ ಹಿಂದೆ ಕೂರ್ಸಿದ್ರೆ ಎದ್ದು ಬಂದ್ಬಿಡ್ತೀನಿ."

ಮೇಲಿನ ಅರ್ಜಿಯನ್ನು ಹರಿದು ಹೊಸದಾಗಿ ಬರೆಯಲಿಲ್ಲ. ವಿಶ್ವದ ವಯಸ್ಸು ತಿದ್ದಿದಾಗಲೂ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ನಾವು ಎಸೆದಿಲ್ಲ. ಆದಕಾರಣ, ಪರಿಷ್ಕರಿಸಿದ ಕೋರಿಕೆ ಹೀಗಿದೆ:

ಅ) ನನ್ನ ವಯಸ್ಸು ಅರವತ್ತೊಂದು ಎಂದು ತಿದ್ದುವುದು. ಒಂದು ವರ್ಷ ಹೆಚ್ಚಿಗೆ ಬಾಗಿಲಲ್ಲಿ ನಿಂತಿದ್ದಕ್ಕೆ ಕ್ಷಮಿಸುವುದು.

ಆ) ನಿವೃತ್ತಿಯ ಆದೇಶವನ್ನು ಇದ್ದಂತೆಯೇ ಬಿಡುವುದು.

ಇ) ಮೂವತ್ತನೇ ತಾರೀಖು ಎರಡರ ಪ್ರದರ್ಶನಕ್ಕೆ ಐದನೇ ಸಾಲಿನ ಹನ್ನೊಂದು, ಹನ್ನೆರಡನೇ ಕುರ್ಚಿಗಳನ್ನು ಖಾಲಿ ಇಡುವುದು. ಹನ್ನೊಂದಕ್ಕೆ ದೊಡ್ಡಕ್ಕನನ್ನು ಕರೆದುಕೊಂಡು ಹೋಗಿ ಕೂರಿಸಿದ ಮೇಲೆ, ಟಾರ್ಚು ಆರಿಸಿ, ಹನ್ನೆರಡರಲ್ಲಿ ನಾನು ಕೂರುವುದಕ್ಕೆ ಅನುಮತಿ ಕೊಡುವುದು. ನಕ್ಷತ್ರ ಹತ್ತಿದ ಮೇಲೆ ಆ ಹಾಲ್‌ನಲ್ಲಿ ನಾನು ಈವರೆಗೆ ಕೂತಿಲ್ಲ.

ತಮ್ಮ ವಿಶ್ವಾಸಿ, ಬಾಗಿಲ ಎಡಪಕ್ಕದವಳು,
ಟಾರ್ಚಮ್ಮ

ಲಗತ್ತುಗಳು:
1. ಲೆಕ್ಕದ ಚೀಟಿ (ಹರಿದ ಟಿಕೆಟ್‌ನ ಹಿಂಬದಿ. ಉಪನ್ಯಾಸಕರು "ಭಾಗಾಕಾರ ಸರಿ ಇದೆ" ಎಂದು ರುಜು ಹಾಕಿದ್ದಾರೆ. ಉಳಿದದ್ದಕ್ಕೆ ಹಾಕಿಲ್ಲ).
2. ಮಾಲಿಯ ಹಳೆಯ ಅರ್ಜಿ (ದಯವಿಟ್ಟು ಹಿಂದಿರುಗಿಸುವುದು. ಅವನಿಗೆ ಮುಂದಿನ ತಿಂಗಳು ಮತ್ತೆ ಹೊಟ್ಟೆನೋವಿದೆ).
3. ಟಾರ್ಚು (ಲಗತ್ತಿಸಿಲ್ಲ. ಮೂವತ್ತರಂದು ಬೇಕು. ಪ್ರದರ್ಶನ ಮುಗಿದ ಮೇಲೆ ಒಪ್ಪಿಸುತ್ತೇನೆ).

ವಿಶೇಷ ಸೂಚನೆ: ದೊಡ್ಡಕ್ಕನ ಊರಿಂದ ಇರುವುದು ಒಂದೇ ಬಸ್ಸು. ಅದು ಸರಿಯಾಗಿ ಎರಡಕ್ಕೆ ನಮ್ಮ ಗೇಟಿನ ಮುಂದೆ ಇಳಿಸುತ್ತದೆ, ನಾಲ್ಕಕ್ಕೆ ವಾಪಸು ಹೊರಡುತ್ತದೆ. ಅವಳ ಮನೆಯ ಹನ್ನೊಂದು ಮೆಟ್ಟಿಲು ಹತ್ತಲು ಅವಳಿಗೆ ಮೂರೂವರೆ ನಿಮಿಷ ಬೇಕು. ನಮ್ಮ ಹಾಲ್‌ಗೆ ಇಪ್ಪತ್ತೆರಡು ಮೆಟ್ಟಿಲಿವೆ, ಆದ್ದರಿಂದ ಏಳು ನಿಮಿಷ. ಎರಡು ಹೊಡೆದ ಮೇಲೆ ಬಾಗಿಲು ತೆರೆಯಬಾರದೆಂಬ ನಿಯಮವನ್ನು ಮೂವತ್ತು ವರ್ಷ ಪಾಲಿಸಿದವಳು ನಾನೇ. ತಮ್ಮನ್ನೂ ಒಮ್ಮೆ ಹೊರಗೆ ನಿಲ್ಲಿಸಿದ್ದೆ, ತಮಗೆ ನೆನಪಿರಬಹುದು. ಈಗ ನಿಯಮ ಮುರಿಯಿರಿ ಎಂದು ಕೇಳುವುದಿಲ್ಲ. ಅಂದು ವಿಶ್ವವನ್ನೇ ಏಳು ನಿಮಿಷ ತಡವಾಗಿ ಆರಂಭಿಸಬೇಕೆಂದು ಕೋರುತ್ತೇನೆ. ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷದಲ್ಲಿ ಅಷ್ಟು ಹೆಚ್ಚುಕಡಿಮೆ ಈಗಾಗಲೇ ಇದೆ ಎಂದು ಉಪನ್ಯಾಸಕರು ಒಪ್ಪಿದ್ದಾರೆ.